ದೋಣಿಯಣ್ಣ ಎತ್ತಿಡುತ್ತಿದ್ದ ಕಲ್ಲು

ಆಳಕ್ಕೆ ಇಳಿಯದೆ ಯಾವ ಸತ್ಯವೂ ಕೈಗೆ ಹತ್ತುವುದಿಲ್ಲ. ನನಗೆ ಹತ್ತಿದ್ದು ಮೊಣಕಾಲುದ್ದದ ನೀರಿನಲ್ಲಿ, ಅದೂ ಇನ್ನೊಬ್ಬರ ಕೈಯಿಂದ.

ಮೊನ್ನೆ ಪ್ರಯೋಗಾಲಯಕ್ಕೆ ಬಂದ ಕಡಲ ಕೆಸರಿನ ಡಬ್ಬಿಯ ಮುಚ್ಚಳ ತೆಗೆದೆ. ಆ ಹಸಿ ವಾಸನೆಗೆ, ಬಾಳೆಹೊನ್ನೂರಿನ ಕೆಳಗೆ ಭದ್ರೆಯಲ್ಲಿ ದೋಣಿ ಹಾಕುತ್ತಿದ್ದ ದೋಣಿಯಣ್ಣ ನೆನಪಾದರು...

ಹಡಗು ಸಿಡಿಸಲೆಂದು ಸಮುದ್ರದಲ್ಲಿ ಬಿಟ್ಟ ಮೈನು ಎಂಬ ಬಾಂಬು ತಳ ಮುಟ್ಟಿದ ಮೇಲೆ ಎಷ್ಟು ಹೂತುಹೋಗುತ್ತದೆ, ಅದನ್ನು ತೆಗೆಯುವವರು ಎಲ್ಲಿ ಹುಡುಕಬೇಕು ಎಂದು ಲೆಕ್ಕ ಹಾಕುವುದು ನನ್ನ ಕಸುಬು. ಕೊಪ್ಪದವನಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಕೇಳದ ನೆಂಟರಿಲ್ಲ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು, ಆಗಿನ್ನೂ ನಾನು ಹೊಸಬ. ರಜೆಯಲ್ಲಿ ಬಂದವನು ಮೈನಿನ ಬದಲಿಗೆಂದು ಉಕ್ಕಿನ ಸಿಲಿಂಡರಿಗೆ ಸಿಮೆಂಟು ತುಂಬಿ, ನಡುವೆ ಅಲುಗಾಟ ದಾಖಲಿಸುವ ಯಂತ್ರವಿಟ್ಟು, ಭದ್ರೆಯ ಮರಳಿನ ಮೇಲೆ ಮಲಗಿಸಿದೆ. ಯಂತ್ರ ಇದ್ದದ್ದು ಒಂದೇ, ಮೇಲಿನವರನ್ನು ಕಾಡಿ ಬೇಡಿ ತಂದದ್ದು. ಅದರ ದಾಖಲೆ ಸಿಗದಿದ್ದರೆ ನನ್ನ ಯೋಜನೆ ಮುಚ್ಚುತ್ತೇವೆಂದು ಹೇಳಿಯೇ ಕಳಿಸಿದ್ದರು. ಸಿಲಿಂಡರು ನಾಲ್ಕು ಬೆರಳು ಮಾತ್ರ ಹೂತುಹೋಗುತ್ತದೆಂದು ನನ್ನ ಸಮೀಕರಣ ಘನಗಂಭೀರವಾಗಿ ಸಾರಿತ್ತು.

ಹತ್ತು ದಿನ ಬಿಟ್ಟು ಹೋದರೆ ಗುರುತಿನ ಗೂಟ ಮಾತ್ರ ಇತ್ತು. ಹೊಳೆ ಒಯ್ದಿರಬೇಕೆಂದು ಕೆಳಗಡೆ ಅರ್ಧ ದಿನ ಕಾಲಾಡಿಸಿದೆ.

“ಎಂತ ಹುಡುಕ್ತೀರಿ ಮಾರಾಯ್ರೆ, ಮೀನಾ?” ಎಂದರು ದೋಣಿಯಣ್ಣ. ಸಂಗತಿ ಹೇಳಿದೆ.

“ಕೆಳಗೆ ಎಂತಕ್ಕೆ ಹೋದ್ರಿ? ಅದು ಮೇಲೆ ಹೋಗಿರ್ತದೆ.”

“ನೀರಿಗೆ ಎದುರಾಗಿಯಾ?”

“ನೀವು ಓದಿದವರು. ನಂಗೆ ಗೊತ್ತಿರೋದು ನನ್ನ ಕಲ್ಲಿನ ಕತೆ ಮಾತ್ರ.”

ದೋಣಿ ಕಟ್ಟುವ ಕಲ್ಲನ್ನು ಅವರು ವಾರಕ್ಕೊಮ್ಮೆ ನೀರಿನಿಂದ ಎತ್ತಿ ಬೇರೆ ಕಡೆ ಇಡುತ್ತಿದ್ದರು. ನಾನದನ್ನು ಯಾವುದೋ ಹರಕೆಯೆಂದು ತಿಳಿದು, ಭಕ್ತಿಯಿಂದ ಸುಮ್ಮನಿದ್ದೆ. ಹರಕೆಯಲ್ಲವೆಂದು ಈಗ ಅವರೇ ಬಿಡಿಸಿ ಹೇಳಿದರು... ಹರಿವ ನೀರು ಕಲ್ಲಿಗೆ ಬಡಿಯುವ ಕಡೆಯ ಬುಡದ ಮರಳನ್ನು ಕೆರೆದು ಗುಂಡಿ ಮಾಡುತ್ತದೆ, ಕಲ್ಲು ಆ ಗುಂಡಿಗೇ ಮಗುಚುತ್ತದೆ. ಎತ್ತಿಡದಿದ್ದರೆ ಕೆಲವೇ ದಿನದಲ್ಲಿ ಮರಳಿನಡಿ ಮಾಯ. ನನ್ನ ಸಮೀಕರಣದಲ್ಲಿ ಭಾರವಿತ್ತು, ಮರಳಿತ್ತು. ಹರಿವು ಮರೆತೇ ಹೋಗಿತ್ತು.

ಗೂಟದಿಂದ ಮೇಲಕ್ಕೆ ಅವರು ದೋಣಿ ನೂಕುವ ಗಳವನ್ನು ಚುಚ್ಚುತ್ತ ಹೋದರು. ಒಂದು ಕಡೆ ಟಣ್ ಎಂದಿತು. ಮೊಳದಾಳ. ಇಬ್ಬರೂ ಕೈಯಲ್ಲೇ ಬಗೆದೆವು. ಉರುಳಿದ್ದನ್ನೆಲ್ಲ ಯಂತ್ರ ಚಾಚೂ ತಪ್ಪದೆ ದಾಖಲಿಸಿತ್ತು.

“ಲೆಕ್ಕ ಸರಿಯಾಯ್ತಾ?”

“ಪೂರಾ ತಪ್ಪಾಯ್ತು.”

“ಆಗ್ಲಿ, ಸಾಮಾನು ಸಿಕ್ತಲ್ಲ” ಎಂದು ದೋಣಿ ಹತ್ತಿದರು.

ಹೇಳಬೇಕಾದ ಕೃತಜ್ಞತೆಯನ್ನು ಇಪ್ಪತ್ತು ವರ್ಷ ಮುಂದೂಡಲು ನನ್ನಂಥ ವಿದ್ವಾಂಸರೇ ಬೇಕು. ಈ ವಾರ ನರಸಿಂಹರಾಜಪುರದಲ್ಲಿರುವ ಅವರ ಮಗಳ ಮನೆ ಹುಡುಕಿಕೊಂಡು ಹೋದೆ. “ಅಪ್ಪ ಹೋಗಿ ಆರು ವರ್ಷ ಆಯ್ತಲ್ಲ” ಎಂದರು ಆಕೆ. ಅವರಿಗೆ ಹೇಳಬೇಕಿದ್ದುದನ್ನೆಲ್ಲ ಆಕೆಗೇ ಹೇಳಿ ಬಂದೆ...

ಯೋಜನೆ ಮುಚ್ಚಲಿಲ್ಲ. ಹೂತ ಮೈನನ್ನು ನಾವೀಗ ಹರಿವಿನ ಎದುರು ದಿಕ್ಕಿನಲ್ಲಿ ಮೊದಲು ಹುಡುಕುತ್ತೇವೆ.