ರಾಣಿಯ ಸೀಟು, ಬಚ್ಚಲುಮನೆಯ ಚಿಲಕ

ಕೊಳೆತ ಕೋಸಿನ ನಾತ ಬಡಿದರೆ ಯಾರಾದರೂ ಮೂಗಿಗೆ ಸೆರಗು ಅಡ್ಡ ಹಿಡಿದು ಬೇಗ ಬೇಗ ದಾಟಿಕೊಳ್ಳುತ್ತಾರೆ. ಸೆರಗು ನಾನೂ ಹಿಡಿಯುತ್ತೇನೆ, ಆದರೆ ಕಾಲು ಮುಂದೆ ಹೋಗುವುದಿಲ್ಲ. ಮಾರ್ಕೆಟ್ಟಿನ ಹಿಂಬದಿ ರಾಶಿ ಬಿದ್ದ ಆ ಎಲೆಗಳ ನಾತಕ್ಕೆ ಒಂದಿಷ್ಟು ಡೀಸೆಲ್ಲು, ಒಂದಿಷ್ಟು ಬಾಡಿದ ಚೆಂಡುಹೂವು, ಒಂದು ಚಿಟಿಕೆ ವಿಭೂತಿ ಸೇರಿಸಿ ನೋಡಿ, ಅದೇ ಕುಂಬಾರಕೊಪ್ಪಲಿನ ನಮ್ಮ ಮನೆ. ಆ ಮನೆ ಈಗಿಲ್ಲ. ಅಲ್ಲಿ ಗಾಜು ಹಾಕಿದ ಮೂರಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ನಿಮ್ಮ ಬಾಲ್ಯದ ಮನೆಗೆ ಸಂಪಿಗೆಯದೋ ಹುರಿದ ಕಾಫಿಬೀಜದ್ದೋ ವಾಸನೆ ಇದ್ದಿರಬಹುದು, ನೀವು ಪುಣ್ಯವಂತರು. ನಮ್ಮದು ನಾರುತ್ತಿತ್ತು. ನಾರುವ ಮನೆ ಹೋದರೂ ಹೊಟ್ಟೆ ಉರಿಯುತ್ತದೆ ಅನ್ನುವುದು ಅದು ಹೋದ ಮೇಲೆಯೇ ನನಗೆ ಗೊತ್ತಾದದ್ದು.

ಆ ನಾತದ ಮೂಲ ದೊಡ್ಡಪ್ಪನ ಗಾಡಿ. ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ, ಮಾದಪ್ಪ. ತೊಂಬತ್ತರ ದಶಕದಲ್ಲಿ ಮೈಸೂರಿನ ರಸ್ತೆಗಳಲ್ಲಿ ಅಂಥ ಗಾಡಿಗಳು ಇನ್ನೂ ಓಡಾಡುತ್ತಿದ್ದವು. ಯಾವ ಕಾಲದಲ್ಲೋ ಹಡಗಿನಲ್ಲಿ ಬಂದಿಳಿದ ಪರದೇಶದ ದೊಡ್ಡ ಕಾರುಗಳ ಹಿಂದಿನ ಅರ್ಧ ಕುಯ್ದು, ಹಲಗೆ ಜೋಡಿಸಿ, ಡೀಸೆಲ್ ಇಂಜಿನ್ ಕೂರಿಸಿ ಸಾಮಾನು ಹೊರುವ ಪಿಕಪ್ಪು ಮಾಡಿಕೊಂಡಿದ್ದರು. ಮುಂದಿನಿಂದ ನೋಡಿದರೆ ಉದ್ದ ಮೂತಿ, ಗುಂಡು ದೀಪ, ದೊರೆಯ ಠೀವಿ. ಹಿಂದಿನಿಂದ ನೋಡಿದರೆ ಎತ್ತಿನಗಾಡಿ. ಒಂದು ಹುಲ್ಲು ಹೊರುತ್ತಿತ್ತು, ಇನ್ನೊಂದು ಇಟ್ಟಿಗೆ, ನಮ್ಮದು ಇಲವಾಲದ ಕಡೆಯ ಹೊಲಗಳಿಂದ ಕೋಸು. ಪ್ರತಿಯೊಬ್ಬ ಮಾಲೀಕನೂ ತನ್ನದು ಅರಮನೆಯಿಂದ ಬಂದ ಕಾರು ಅಂತಲೇ ಹೇಳುತ್ತಿದ್ದ. ಅವೆಲ್ಲ ನಿಜವಾಗಿಯೂ ಅರಮನೆಯವಾಗಿದ್ದರೆ ಅರಮನೆಯಲ್ಲಿ ಜನಕ್ಕೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ, ಬರೀ ಕಾರುಗಳೇ ತುಂಬಿರಬೇಕಿತ್ತು. ನಮ್ಮದರ ಬಾಗಿಲಿನ ಹಿಡಿ ಮುರಿದಾಗ ದೊಡ್ಡಪ್ಪ ಬಚ್ಚಲುಮನೆಯ ಬಾಗಿಲಿನ ಹಿತ್ತಾಳೆ ಚಿಲಕ ಕಿತ್ತು ಅದಕ್ಕೆ ಜಡಿದರು. ಅಂದಿನಿಂದ ನಮ್ಮ ಮನೆಯ ಹೆಂಗಸರು ಸ್ನಾನಕ್ಕೆ ಹೋದರೆ ಬಾಗಿಲಿಗೆ ತುಂಬಿದ ಕೊಡ ಒತ್ತರಿಸಿಟ್ಟು, ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಕೆಮ್ಮಬೇಕಿತ್ತು.

ಆ ಚಿಲಕ ತೆಗೆದು ಒಳಗೆ ಕೂರುವ ಭಾಗ್ಯ ಮಾತ್ರ ನಮಗಿರಲಿಲ್ಲ. ಹಿಂದೊಮ್ಮೆ ರಾಣಿಯೊಬ್ಬರು ಆ ಕಾರಿನಲ್ಲಿ ಕೂತಿದ್ದರಂತೆ, ಬೇರೆ ಹೆಂಗಸು ಅದನ್ನು ಹತ್ತಿದರೆ ರಾಣಿಯ ಶಾಪ ತಟ್ಟಿ ಮನೆಯ ದೀಪ ಆರಿಹೋಗುತ್ತದಂತೆ. ಯಾವ ರಾಣಿ ಎಂದು ನಾನು ಕೇಳಿದರೆ ದೊಡ್ಡಪ್ಪ ಕಣ್ಣು ಬಿಡುತ್ತಿದ್ದರು. “ರಾಣಿ ಅಂದ್ರೆ ರಾಣಿ ಕಣವ್ವ. ಎಸ್ರು ಕೇಳ್ಬಾರ್ದು.” ಅದೇ ಸೀಟಿನಲ್ಲಿ ಅವರ ಗೆಳೆಯರು ಕಾಲು ಮೇಲೆ ಹಾಕಿಕೊಂಡು ಕೂತು, ಎಲೆಅಡಿಕೆ ಜಗಿದು, ಕಿಟಕಿಯಾಚೆಗೆ ಅಂತ ಉಗಿದದ್ದು ಅರ್ಧ ಬಾಗಿಲ ಮೇಲೇ ಇಳಿಯುತ್ತಿತ್ತು. ರಾಣಿಗೆ ಅದರಿಂದ ಏನೂ ಬೇಜಾರಿಲ್ಲವಂತೆ. ಅವರಿಗೆ ಆಗದಿದ್ದುದು ನಮ್ಮ ದೊಡ್ಡಮ್ಮ ಒಬ್ಬಳೇ. ಆ ಉಗುಳನ್ನು, ಹಲಗೆಗೆ ಮೆತ್ತಿದ ಕೋಸಿನ ಲೋಳೆಯನ್ನು, ಅದರಲ್ಲಿ ಮಿಜಿಮಿಜಿ ಎನ್ನುವ ಹುಳುಗಳನ್ನು ದಿನಾ ಸಂಜೆ ಕೈಯಿಂದ ಬಳಿದು, ಸೀಗೆಪುಡಿ ಹಾಕಿ ಉಜ್ಜಿ ತೊಳೆಯುತ್ತಿದ್ದವಳು ಅವಳೇ. “ತೊಳ್ಯಕ್ಕೆ ಶಾಪ ಇಲ್ವಂತೆ ಕಣವ್ವ, ಕೂರಕ್ಕೆ ಮಾತ್ರ ಐತಂತೆ,” ಅಂತ ನಗುತ್ತಿದ್ದಳು. “ಅರಮನೆನೂ ಇಲ್ಲ, ಗಿರಮನೆನೂ ಇಲ್ಲ” ಅಂತಲೂ ಅನ್ನುತ್ತಿದ್ದಳು. ಆದರೂ ಹತ್ತುತ್ತಿರಲಿಲ್ಲ. ಅವಳ ಎರಡು ಕೂಸುಗಳು ಹುಟ್ಟಿದ ವಾರದೊಳಗೇ ಹೋಗಿದ್ದವು. ಮನೆಯಲ್ಲಿ ಉಳಿದಿದ್ದ ಮಗು ನಾನೊಬ್ಬಳೇ. ದೀಪ ಆರುತ್ತದೆ ಅನ್ನುವ ಮಾತನ್ನು ಅಂಥವಳ ಮುಂದೆ ಆಡುವ ಬಾಯಿಗೆ ಏನು ಹೇಳಬೇಕು?

ಗಾಡಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಜನ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ, ಅಂಗೈಯಲ್ಲಿ ಲಿಂಗ, ಸುತ್ತ ಬಿದಿರುದಬ್ಬೆಗೆ ಹೂ ಸುತ್ತಿದ ಮಂಟಪ. ಅದಕ್ಕೆ ಕುರುಜು ಅನ್ನುತ್ತೇವೆ. ನಮ್ಮ ಪಕ್ಕದಲ್ಲೇ ವಿಜಯನಗರದ ಬಡಾವಣೆಗಳು ಎದ್ದು ಸ್ಮಶಾನ ದೂರವಾದ ಮೇಲೆ ಹೆಗಲ ಮೇಲೆ ಹೊರುವವರು ಕಡಿಮೆಯಾದರು. ಮೇಲೆ ಚಾವಣಿ ಇಲ್ಲದ ದೊಡ್ಡಪ್ಪನ ಗಾಡಿಯಲ್ಲಿ ಕುರುಜು ನೆಟ್ಟಗೆ ನಿಲ್ಲುತ್ತಿತ್ತು. ನಮ್ಮ ಬೀದಿಯ ಹುರಿಗಡಲೆ ಅಂಗಡಿಯ ಅಜ್ಜ ತೀರಿಕೊಂಡಾಗ ಒಂದು ತಮಾಷೆ ನಡೆಯಿತು. ತಮಟೆಯವರು ಹಿಂದೆ ಉಳಿದುಬಿಟ್ಟಿದ್ದರು, ಗಾಡಿ ಮುಂದೆ ಬಂದು ತಿರುವಿನಲ್ಲಿ ನಿಂತಿತ್ತು. ಎದುರಿಗೆ ಸೈಕಲ್ಲಿನಲ್ಲಿ ಬಂದ ಹಳ್ಳಿಯವನೊಬ್ಬ ಅಜ್ಜನನ್ನು ಯಾವುದೋ ಮಠದ ಸ್ವಾಮಿಗಳೆಂದು ತಿಳಿದು, ತಲೆವಸ್ತ್ರ ತೆಗೆದು, ರಸ್ತೆಯಲ್ಲೇ ಅಡ್ಡಬಿದ್ದ. “ಅಡ್ಡಬಿದ್ದೆ ಬುದ್ಧಿ. ಮಗಳಿಗೊಂದು ಗಂಡು ಗೊತ್ತಾಗ್ಲಿ ಅಂತ ಅಪ್ಪಣೆ ಆಗ್ಬೇಕು” ಅಂದ. ಅಷ್ಟು ಹೊತ್ತಿಗೆ ದೊಡ್ಡಪ್ಪ ಕ್ಲಚ್ ಬಿಟ್ಟರು, ಗಾಡಿ ಒಮ್ಮೆ ಜಗ್ಗಿತು, ಅಜ್ಜನ ತಲೆ ‘ಆಯಿತು’ ಅನ್ನುವಂತೆ ಆಡಿತು. ಬದುಕಿದ್ದಾಗ ಮಕ್ಕಳಿಗೆ ನಾಲ್ಕು ಕಾಳು ಕೊಸರು ಹಾಕದ ಮುದುಕ ಸತ್ತ ಮೇಲೆ ವರ ಕೊಟ್ಟ. ಆ ಹುಡುಗಿಯ ಮದುವೆ ಅದೇ ತಿಂಗಳು ಗೊತ್ತಾಯಿತಂತೆ. ಅಲ್ಲಿಂದ ಶುರುವಾಯಿತು ನೋಡಿ, ಅರಮನೆ ಗಾಡಿಯಲ್ಲಿ ಹೋದವರು ನೇರ ಕೈಲಾಸಕ್ಕೆ ಅನ್ನುವ ಕಥೆ. ಸುತ್ತಮುತ್ತ ಯಾರು ಸತ್ತರೂ ದೊಡ್ಡಪ್ಪನಿಗೆ ಕರೆ ಬರುತ್ತಿತ್ತು. ಯಾರಿಗೂ ಇಲ್ಲ ಅನ್ನದೆ, ಕೈಯೊಡ್ಡದೆ ಹೋಗುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ. ವಾಪಸು ಬಂದ ಮೇಲೆ ಹಲಗೆ ತೊಳೆಯಲು ದೊಡ್ಡಮ್ಮ ಇದ್ದಳಲ್ಲ.

ದೊಡ್ಡಮ್ಮನ ತವರು ಇಲವಾಲ. ದಿನಾ ಬೆಳಗ್ಗೆ ಗಾಡಿ ಅಲ್ಲಿಗೇ ಹೋಗುತ್ತಿತ್ತು, ಅವಳು ಮಾತ್ರ ವರ್ಷಕ್ಕೆ ಎರಡು ಸಲ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದಳು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ಅವಳ ತಾಯಿಗೆ ಉಸಿರು ಮೇಲಕ್ಕೆ ಹತ್ತಿದೆ ಎಂದು ಸುದ್ದಿ ಬಂತು. ಅವತ್ತು ಬಸ್ಸಿನವರದು ಮುಷ್ಕರ. ದೊಡ್ಡಪ್ಪ ಹೊರಡುತ್ತಿದ್ದರು. ದೊಡ್ಡಮ್ಮ ಗಾಡಿಯ ಪಕ್ಕ ನಿಂತು, “ಇಂದುಗಡೆ ಹಲಗೆ ಮೇಲಾದ್ರೂ ಕೂತ್ಕತೀನಿ ಕಣ್ರೀ, ಅವ್ವನ್ನ ಕಣ್ಣಲ್ಲಿ ನೋಡ್ಬುಡ್ತೀನಿ” ಅಂದಳು. ದೊಡ್ಡಪ್ಪ ಅವಳನ್ನು ನೋಡಲಿಲ್ಲ, ನನ್ನ ಕಡೆ ಬೆರಳು ತೋರಿಸಿದರು. “ಆ ಮಗೀಗೆ ಏನಾರ ಆದ್ರೆ?” ಅಷ್ಟೇ. ದೊಡ್ಡಮ್ಮ ಹಿಂದೆ ಸರಿದಳು. ಮುಂದಿನ ಸೀಟಿನಲ್ಲಿ ಎಲೆಅಡಿಕೆಯ ಗೆಳೆಯ ಕೂತಿದ್ದ. ದೊಡ್ಡಮ್ಮ ಹುಣಸೂರು ರಸ್ತೆಯಲ್ಲಿ ನಡೆದೇ ಹೊರಟಳು, ಮಧ್ಯೆ ಯಾರೋ ಎತ್ತಿನಗಾಡಿಗೆ ಹತ್ತಿಸಿಕೊಂಡರಂತೆ. ಅವಳು ತಲುಪುವಷ್ಟರಲ್ಲಿ ತಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಬಳಿದಿದ್ದರು. ಮಧ್ಯಾಹ್ನ ಆ ತಾಯಿಯನ್ನು ದೊಡ್ಡಪ್ಪನ ಗಾಡಿಯಲ್ಲೇ, ಹೂವಿನ ಕುರುಜಿನಲ್ಲಿ ಕೂರಿಸಿ ಕರೆದೊಯ್ದರು. ಹೆಣಕ್ಕೆ ಶಾಪ ತಟ್ಟುವುದಿಲ್ಲವಂತೆ. ಮಗಳು ಹೊಗೆ ಕುಡಿಯುತ್ತಾ ಹಿಂದೆ ನಡೆದಳು. ಅವತ್ತು ಸಂಜೆಯೂ ಗಾಡಿ ತೊಳೆದವಳು ಅವಳೇ. ತಾಯಿಯ ಹಾರದ ಎಸಳುಗಳು ಕೋಸಿನ ಲೋಳೆಗೆ ಅಂಟಿದ್ದವು, ಒಂದೊಂದಾಗಿ ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. “ನಮ್ಮವ್ವ ಸತ್ಮೇಲೆ ರಾಣಿ ಆದ್ಲು ಕಣವ್ವ. ನಾನು ಸತ್ತಾಗ್ಲಾದ್ರೂ ಇದ್ರಲ್ಲಿ ಕೂರ್ಸಿ ಕಳ್ಸಿ ಅಂತ ನಿಮ್ ದೊಡ್ಡಪ್ಪಂಗೆ ಏಳು” ಅಂದಳು. ನಾನು ಹೋಗಿ ಹೇಳಿದೆ. “ಆಗ್ಲಿ ಬುಡು, ಅದ್ಕೇನಂತೆ,” ಅಂದರು ದೊಡ್ಡಪ್ಪ. ಅವರು ಹೆಂಡತಿಗೆ ಕೊಟ್ಟ ಮಾತು ಅಂತ ನನಗೆ ಗೊತ್ತಿರುವುದು ಅದೊಂದೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮೂರು ಚಕ್ರದ ಗೂಡ್ಸ್ ಆಟೋಗಳು ಬಂದವು, ಕೋಸು ಅವುಗಳ ಪಾಲಾಯಿತು. ಗಾಡಿ ಅಂಗಳದಲ್ಲೇ ನಿಂತು ತುಕ್ಕು ಹಿಡಿಯತೊಡಗಿತು. ದೊಡ್ಡಮ್ಮ ಅದನ್ನು ತೊಳೆಯುವುದು ಬಿಡಲಿಲ್ಲ, ಹೆಣ್ಣುಮಗಳು ಕೊನೆಗಾಲಕ್ಕೆ ಉಡಿಸಲಿ ಅಂತ ಒಂದು ಸೀರೆಯನ್ನು ಪೆಟ್ಟಿಗೆಯಲ್ಲಿ ಎತ್ತಿಡುವ ಹಾಗೆ ಅದನ್ನು ನೋಡಿಕೊಂಡಳು. ಒಂದು ದಿನ ರೆಸಾರ್ಟಿನ ಕಡೆಯವನೊಬ್ಬ ಬಂದ. ಅವನ ಮುಂದೆ ದೊಡ್ಡಪ್ಪ ರಾಣಿಯ ಕಥೆಯನ್ನು ಎಂದಿಲ್ಲದ ಹಾಗೆ ರಂಗೇರಿಸಿ ಹೇಳಿದರು. ರಾಣಿಯ ಕೈಬೀಸಣಿಗೆ ಬಂತು, ಅತ್ತರು ಬಂತು, ನಾಯಿಮರಿಯೂ ಬಂತು. ಮಾರನೆಯ ದಿನ ಲಾರಿ ಬಂದು ಗಾಡಿಯನ್ನು ಎಳೆದು ಹತ್ತಿಸಿಕೊಂಡಿತು. ದೊಡ್ಡಮ್ಮ ಒದ್ದೆ ಬಟ್ಟೆ ಹಿಡಿದುಕೊಂಡು ಹೊಸಿಲ ಮೇಲೆ ನಿಂತಿದ್ದಳು. “ಒಂದ್ ಮಾತು ಏಳ್ದೆ ಮಾರ್ಬುಟ್ರಾ?” ಅಂದಳು. “ತುಕ್ಕು ಹಿಡ್ದಿದ್ದಕ್ಕೆ ನಿನ್ ಅಪ್ಪಣೆ ಬೇಕಿತ್ತಾ?” ಅಂದರು ದೊಡ್ಡಪ್ಪ.

ಮುಂದಿನ ಬೇಸಿಗೆಯಲ್ಲಿ ದೊಡ್ಡಮ್ಮ ಹೋದಳು. ಪದ್ಧತಿಯಂತೆ ಕೂರಿಸಿದೆವು, ಹೂ ಮುಡಿಸಿದೆವು, ಕುರುಜು ಕಟ್ಟಿದೆವು. ಬಾಡಿಗೆಗೆ ಬಂದ ಬಿಳಿಯ ವ್ಯಾನಿನ ಬಾಗಿಲು ಗಿಡ್ಡ. ಕುರುಜು ಒಳಗೆ ಹೋಗಲಿಲ್ಲ, ಬಿಚ್ಚಿ ಎಸೆದರು. ಆ ಹೊತ್ತಿಗೆ ಅವಳ ಮೈ ಕೂತ ಭಂಗಿಯಲ್ಲೇ ಸೆಟೆದುಹೋಗಿತ್ತು. ಗಂಡಸರು ಅವಳನ್ನು ಓರೆ ಮಾಡಿ, ಮಂಡಿ ಒತ್ತಿ, ಅಲಮಾರು ಸಾಗಿಸುವವರ ಹಾಗೆ “ಇನ್ ಸ್ವಲ್ಪ, ಇನ್ ಸ್ವಲ್ಪ” ಅನ್ನುತ್ತಾ ಒಳಗೆ ತಳ್ಳಿದರು. ಹಣೆಯ ವಿಭೂತಿ ಬಾಗಿಲ ಚೌಕಟ್ಟಿಗೆ ಬಳಿದುಕೊಂಡಿತು. ದೊಡ್ಡಪ್ಪ ಮುಂದೆ ಡ್ರೈವರ್ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೋಸಿನ ಹುಳು ನೋಡಿದಾಗಲೂ ನನಗೆ ಅಷ್ಟು ಹೇಸಿಗೆ ಬಂದಿರಲಿಲ್ಲ.

ಇದಾಗಿ ಕೆಲವು ವರ್ಷಗಳ ಮೇಲೆ ಇಲವಾಲದಾಚೆಯ ಒಂದು ರೆಸಾರ್ಟಿನಲ್ಲಿ ನೆಂಟರ ಮದುವೆ. ಮುದುಕರಾಗಿದ್ದ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿದ್ದೆವು. ಬಾಗಿಲಲ್ಲೇ ಕೆಂಪು ಬಣ್ಣ ಬಳಿದುಕೊಂಡು ನಿಂತಿತ್ತು ನಮ್ಮ ಗಾಡಿ. ಕುಯ್ದಿದ್ದ ಹಿಂಭಾಗ ಮತ್ತೆ ಕಟ್ಟಿ ಮಖಮಲ್ಲಿನ ಸೀಟು ಹಾಕಿದ್ದರು. ಹೊರಗೆ ಥಳಕು, ಒಳಗೆ ಹುಳುಕು. ಪೇಟ ಸುತ್ತಿದ ಹುಡುಗನೊಬ್ಬ ಕೈಚಾಚಿ ತೋರಿಸುತ್ತಿದ್ದ. “ಮಹಾರಾಣಿಯವರು ಕೂರ್ತಿದ್ದ ಸೀಟು ಮೇಡಂ. ಈ ಚಿಲಕ ನೋಡಿ, ಒರಿಜಿನಲ್ ಅರಮನೆ ಹಿತ್ತಾಳೆ.” ನಮ್ಮ ಬಚ್ಚಲುಮನೆಯ ಚಿಲಕ ಪಾಲೀಷಿಗೆ ಫಳಫಳ ಅನ್ನುತ್ತಿತ್ತು. ರೇಷ್ಮೆ ಸೀರೆಯ ಹೆಂಗಸರು ಫೋಟೋಗೆ ಸಾಲು ನಿಂತಿದ್ದರು. ಅವರಲ್ಲೊಬ್ಬಳು, “ರಾಣಿ ಕೂತ ಜಾಗ, ನಾವು ಕೂರ್ಬೋದಾ?” ಅಂತ ಹಿಂಜರಿದಳು. ದೊಡ್ಡಪ್ಪ ಬೊಚ್ಚುಬಾಯಿ ಬಿಟ್ಟು ನಕ್ಕರು. “ಕೂತ್ಕೊ ಕಣವ್ವ, ಏನೂ ಆಗಲ್ಲ.”

“ಶಾಪ ತಟ್ಟಲ್ವಾ ದೊಡ್ಡಪ್ಪ?” ಅಂತ ಕೇಳಿದೆ.

“ಎಂಥ ಶಾಪ ಬುಡವ್ವ. ಗುಜರಿ ಅಂಗಡೀಲಿ ಬಿದ್ದಿತ್ತು, ಕೋಳಿ ಮೊಟ್ಟೆ ಇಕ್ತಿತ್ತು ಅದ್ರೊಳಗೆ. ಹೆಂಗಸ್ರನ್ನ ಒಂದ್ಸಲ ಹತ್ತಿಸ್ಕಂಡ್ರೆ ದಿನಾ ಅಲ್ಲಿಗೆ ಇಲ್ಲಿಗೆ ಅಂತಾರೆ ಅಂತ ಅಂಗಂದಿದ್ದೆ.”

ಅವರ ಮುಖ ನೋಡಲಾಗಲಿಲ್ಲ. ಬೈಯಬೇಕು ಅನ್ನಿಸಿತು, ಬೈದರೆ ಕೇಳಿಸಿಕೊಳ್ಳಬೇಕಾಗಿದ್ದವಳು ಇರಲಿಲ್ಲ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಚಿಲಕ ಸರಿಸಿದೆ, ಬಚ್ಚಲುಮನೆಯಲ್ಲಿ ಆಗುತ್ತಿದ್ದ ಅದೇ ಕಿರ್ರ್ ಸದ್ದು. ಒಳಗೆ ಮೂಗು ಚಾಚಿದರೆ ಹೊಸ ಬಣ್ಣ, ಸೆಂಟು, ಅಷ್ಟೇ. ಕೋಸಿಲ್ಲ, ಸೀಗೆಪುಡಿ ಇಲ್ಲ. ನಾನು ಹತ್ತಲಿಲ್ಲ. ಮೊದಲು ಹತ್ತಬೇಕಾದವರು ಯಾರೋ ಹಿಂದೆ ನಡೆದು ಬರುತ್ತಿದ್ದಾರೆ ಅನ್ನುವ ಹಾಗೆ ಬಾಗಿಲು ತೆರೆದು ಹಿಡಿದುಕೊಂಡು ನಿಂತೆ. ಸಾಲಿನಲ್ಲಿ ಯಾರೋ “ಬೇಗ ಕಣ್ರೀ” ಅಂದರು. ಚಿಲಕ ಹಾಕಿ ಪಕ್ಕಕ್ಕೆ ಸರಿದೆ.