ನಾಲ್ಕನೇ ಬುಷ್

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಮೇಸ್ತ್ರಿ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಸ್ಪಾರ್ಕ್ ಪ್ಲಗ್ ಉಜ್ಜುತ್ತಿದ್ದರು. ಸಮಯ ಇಷ್ಟು ನಿಖರವಾಗಿ ಗೊತ್ತಿರುವುದು ಬಿಡಿಭಾಗಗಳ ಕೋಣೆ ನೋಡಿಕೊಳ್ಳುವ ಸ್ಟೋರಮ್ಮನಿಂದ. ಬಂದ ಕಾಗದದ ಮೇಲೆ ಗಂಟೆ, ನಿಮಿಷ ಬರೆಯದೆ ಅವರು ಅದನ್ನು ಯಾರ ಕೈಗೂ ಕೊಡುವವರಲ್ಲ. ಆ ದಿನವೂ ಬರೆದೇ ತಂದಿದ್ದರು. ಆದರೆ ಅಕ್ಷರ ಸೊಟ್ಟಗಿತ್ತು.

"ಮೇಸ್ತ್ರಿ, ಪ್ಲಗ್ ಕೆಳಗಿಡಿ. ಮೊದಲು ಇದನ್ನ ಓದಿ."

ಇಂಜಿನ್ ತಯಾರಕರು ಕಳಿಸಿದ ಒಂದು ಪುಟದ ಸೂಚನೆ. ಇಂಜಿನ್ನಿನೊಳಗೆ ಪಿಸ್ಟನ್ನನ್ನು ಹಿಡಿದಿರುವ ರಾಡ್ ಇರುತ್ತದೆ. ಅದರ ಮೇಲ್ತುದಿಯ ತೂತಿನಲ್ಲಿ ಕೂಸಿನ ಬಳೆಗಿಂತ ಚಿಕ್ಕದಾದ ಒಂದು ಕಂಚಿನ ಬಳೆ, ಅದೇ ಬುಷ್. ಅದಕ್ಕೆ ಬೋಲ್ಟಿಲ್ಲ, ಬೆಸುಗೆಯಿಲ್ಲ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ, ಬರೀ ಬಿಗಿಯಿಂದಲೇ ಅದು ನಿಲ್ಲಬೇಕು. ಒಂದು ಬ್ಯಾಚಿನ ಕೆಲವು ಬುಷ್‌ಗಳ ಹೊರ ಅಳತೆ ಕೂದಲೆಳೆಯಷ್ಟು ಕಡಿಮೆಯಿದೆ, ಅವು ಜಾರಬಹುದು, ಜಾರಿದರೆ ರಾಡ್ ಮುರಿದು ಇಂಜಿನ್ ನಿಲ್ಲಬಹುದು, ಆದ್ದರಿಂದ ಆ ಬ್ಯಾಚು ಹಾಕಿದ ವಿಮಾನಗಳನ್ನು ಹಾರಿಸಕೂಡದು ಎಂದು ಬರೆದಿತ್ತು.

ವಿಮಾನ ಹಾರಿಸಲು ಕಲಿಸುವ ಆ ಶಾಲೆಯಲ್ಲಿದ್ದದ್ದು ಮೂರೇ ಸಣ್ಣ ವಿಮಾನಗಳು. ಎರಡು ಒಳಗೆ ನಿಂತಿದ್ದವು. ಮೂರನೆಯದು ಒಂಬತ್ತು ಐದಕ್ಕೆ ಹಾರಿತ್ತು. ಅದರ ಇಂಜಿನ್ ಬಿಚ್ಚಿ ನಾಲ್ಕು ಹೊಸ ಬುಷ್ ಹಾಕಿದವರು ಮೇಸ್ತ್ರಿಯೇ, ನಾಲ್ಕು ತಿಂಗಳ ಹಿಂದೆ. ಈಗ ಅದರಲ್ಲಿ ಕೂತಿದ್ದವರು ಒಬ್ಬ ವಿದ್ಯಾರ್ಥಿನಿ ಮತ್ತು ಅವಳಿಗೆ ಕಲಿಸುವ ಪೈಲಟ್, ಅಂದರೆ ಮೇಸ್ತ್ರಿಯ ಹೆಂಡತಿಯ ತಮ್ಮ.

"ನಾವು ಹಾಕಿದ್ದು ಯಾವ ಬ್ಯಾಚು ಅಮ್ಮಾ?"

"ಇದೇ. ಪುಸ್ತಕ ನೋಡಿಕೊಂಡೇ ಬಂದೆ."

ಮೇಸ್ತ್ರಿ ಸ್ಟೂಲಿನಿಂದ ಎದ್ದರು. ಅವರು ಮೂವತ್ತೊಂದು ವರ್ಷದ ಹಿಂದೆ ಲಾರಿ ಗ್ಯಾರೇಜಿನಿಂದ ಇಲ್ಲಿಗೆ ಬಂದವರು. ಮೊದಲ ದಿನ ಆಗಿನ ಹಿರಿಯ ಮೆಕ್ಯಾನಿಕ್ ಒಂದೇ ಮಾತು ಹೇಳಿದ್ದರು: "ಲಾರಿ ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಬಹುದು. ಅಲ್ಲಿ ಮೇಲೆ ಪಕ್ಕ ಅನ್ನೋದೇ ಇಲ್ಲ." ಆ ಮಾತಿಗೆ ಹೆದರಿಯೇ ಮೇಸ್ತ್ರಿ ಹ್ಯಾಂಗರಿನಲ್ಲಿ ಒಂದು ಪದ್ಧತಿ ತಂದಿದ್ದರು. ಅಳತೆ ನೋಡಿದವರು ಅದನ್ನು ಗಟ್ಟಿಯಾಗಿ ಹೇಳಬೇಕು, ಸ್ಟೋರಮ್ಮ ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳಬೇಕು. ಭಾವಮೈದುನನಿಗೆ ಅದೊಂದು ತಮಾಷೆ. "ಸದ್ದು ಮಾಡಬೇಡ್ರೋ, ಭಾವ ಮಗ್ಗಿ ಒಪ್ಪಿಸ್ತಿದ್ದಾರೆ" ಎಂದು ಬಾಗಿಲಲ್ಲಿ ನಿಂತು ಛೇಡಿಸುತ್ತಿದ್ದ.

ರೇಡಿಯೋ ಕೋಣೆಗೆ ಮೇಸ್ತ್ರಿ ಓಡಿದರು. ಮೈಕು ಹಿಡಿದ ಕೈಗೆ ಪ್ಲಗ್ಗಿನ ಮಸಿ ಇತ್ತು.

"ಎಲ್ಲಿದ್ದೀಯ?"

"ನದಿ ದಾಟಿದ್ದೀವಿ. ಯಾಕೆ ಭಾವ, ಅಕ್ಕ ಏನಾದ್ರೂ ಕೆಲಸ ಹೇಳಿದ್ಲಾ?"

"ಆಯಿಲ್ ಪ್ರೆಷರ್ ಹೇಳು."

ಸ್ವಲ್ಪ ಹೊತ್ತು ಬರೀ ಗರಗರ. "ಮುಳ್ಳು ಹಸಿರು ಗೆರೆಯಲ್ಲೇ ಇದೆ. ಮಾಮೂಲಿಗಿಂತ ಒಂಚೂರು ಕೆಳಗೆ."

"ಸದ್ದು?"

"ಏನೋ ಟಿಕ್ ಟಿಕ್ ಅಂತಿದೆ ಅಂತಾಳೆ ಇವಳು. ನನಗೆ ಕೇಳಿಸ್ತಿಲ್ಲ."

ಮೇಸ್ತ್ರಿ ಒಂದೊಂದೇ ಮಾತು ಬಿಡಿಸಿ ಹೇಳಿದರು. "ತಿರುಗಿಸು. ಮೆಲ್ಲಗೆ. ಥ್ರಾಟಲ್ ಈಗ ಎಷ್ಟಿದೆಯೋ ಅಷ್ಟೇ ಇರಲಿ, ಮುಟ್ಟಬೇಡ. ರನ್‌ವೇ ಕೈಗೆ ಸಿಗೋ ತನಕ ಎತ್ತರ ಕಳ್ಕೋಬೇಡ. ದಾರಿಯುದ್ದಕ್ಕೂ ಇಳಿಯೋಕೆ ಬಯಲು ನೋಡ್ಕೊಂಡು ಬಾ."

"ಭಾವ, ಯಾವ ಪಾರ್ಟು?"

"ರಾಡಿನ ಬುಷ್."

"ನೀವೇ ಹಾಕಿದ್ದಲ್ವಾ ಅದು?"

"ನಾನೇ."

"ಸರಿ ಬಿಡಿ ಹಾಗಾದ್ರೆ" ಎಂದ ಅವನು, ನಿರಾಳವಾಗಿ.

ಮೇಸ್ತ್ರಿ ಮೈಕು ಕೆಳಗಿಟ್ಟು ತಮ್ಮ ಅಂಗೈ ನೋಡಿಕೊಂಡರು. ಯಾಕೆಂದರೆ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವರ ಬಲಗೈಗೆ ಗೊತ್ತಿತ್ತು. ಮೊದಲ ಮೂರು ಬುಷ್‌ಗಳು ಪ್ರೆಸ್ಸಿನ ಹಿಡಿಯನ್ನು ಹಿಂದಕ್ಕೆ ತಳ್ಳುತ್ತ, ಹಟ ಮಾಡುತ್ತ ಒಳಗೆ ಹೋಗಿದ್ದವು. ಗೇಜಿನಲ್ಲಿ ಕಂಡ ಒತ್ತಡ ಸಾವಿರದ ನೂರಿಪ್ಪತ್ತು ಕಿಲೋ, ಸಾವಿರದ ಎಂಬತ್ತು, ಸಾವಿರದ ನೂರೈವತ್ತು. ನಾಲ್ಕನೆಯದು ಹಟ ಮಾಡಿರಲಿಲ್ಲ.

ವಿಮಾನ ವಾಪಸ್ ಬರಲು ಹದಿನೆಂಟು ನಿಮಿಷದ ದಾರಿ. ಆರನೇ ನಿಮಿಷದಲ್ಲಿ ಮೇಸ್ತ್ರಿಯ ಫೋನ್ ಬಡಿದುಕೊಂಡಿತು. ಹೆಂಡತಿ.

"ರೀ, ರಿಪೇರಿಗೆ ಕೊಟ್ಟ ಹೊಲಿಗೆ ಮಷಿನ್ ಆಗಿದೆಯಂತೆ. ಸಂಜೆ ಬರ್ತಾ ತಗೊಂಡು ಬರೋಕೆ ತಮ್ಮನಿಗೆ ಹೇಳ್ತೀರಾ?"

"ಹೇಳ್ತೀನಿ."

"ಏನು, ಗಂಟಲು ಹೀಗಿದೆ?"

"ಧೂಳು."

ಫೋನ್ ಇಟ್ಟ ಮೇಲೆ ಅವರು ಹೊರಗೆ ಬಂದು ರನ್‌ವೇ ಅಂಚಿನಲ್ಲಿ ನಿಂತರು. ಸ್ಟೋರಮ್ಮ ಪಕ್ಕಕ್ಕೆ ಬಂದು ನಿಂತರು. ಬೆಂಕಿ ಆರಿಸುವ ಗಾಡಿಯವರು ಗಾಡಿ ಚಾಲೂ ಮಾಡಿಟ್ಟುಕೊಂಡಿದ್ದರು. ಅದರ ಸದ್ದಿನಲ್ಲಿ ವಿಮಾನದ ಸದ್ದು ಕೇಳಿಸದೇ ಹೋದೀತೆಂದು ಮೇಸ್ತ್ರಿ ಕೈಬೀಸಿ ಅದನ್ನು ನಿಲ್ಲಿಸಿದರು.

ಮೊದಲು ಕಂಡದ್ದು ಒಂದು ಚುಕ್ಕೆ. ಆಮೇಲೆ ಸದ್ದು. ಆ ಸದ್ದಿನೊಳಗೆ ಟಿಕ್ ಟಿಕ್ ಈಗ ಟಕ್ ಟಕ್ ಆಗಿತ್ತು, ನೆಲದಲ್ಲಿ ನಿಂತವರಿಗೂ ಕೇಳುವಷ್ಟು. ವಿಮಾನ ಬೇಲಿಯ ಮೇಲೆ ಬಂದಾಗ ಭಾವಮೈದುನ ಇಂಜಿನ್ ವೇಗ ತಗ್ಗಿಸಲು ಥ್ರಾಟಲ್ ಎಳೆದ. ಒಂದು ಸಲ ದಡಾರೆಂದಿತು. ಪ್ರೊಪೆಲ್ಲರ್ ಗಾಳಿಯಲ್ಲೇ ಸೆಟೆದು ನಿಂತಿತು. ಸದ್ದೇ ಇಲ್ಲದೆ ಚಕ್ರಗಳು ನೆಲ ಮುಟ್ಟಿ, ಉರುಳಿ, ಹುಲ್ಲಿನ ಹತ್ತಿರ ನಿಂತವು. ವಿದ್ಯಾರ್ಥಿನಿ ಮೊದಲು ಇಳಿದು ನೆಲದ ಮೇಲೆ ಕೂತಳು. ಹಿಂದೆ ಇಳಿದವನ ಭುಜ, ತೋಳು, ಬೆನ್ನನ್ನು ಮೇಸ್ತ್ರಿ ಬಿಡಿಭಾಗ ಪರೀಕ್ಷಿಸುವವರ ಹಾಗೆ ಮುಟ್ಟಿ ಮುಟ್ಟಿ ನೋಡಿದರು.

"ಎಲ್ಲಾ ಇದೆ ಭಾವ. ಬರೆಸ್ಕೊಳ್ಳಿ" ಎಂದ ಅವನು. ತುಟಿ ಬಿಳಿಚಿತ್ತು.

"ಅಕ್ಕನ ಹೊಲಿಗೆ ಮಷಿನ್ ತರಬೇಕಂತೆ" ಎಂದರು ಮೇಸ್ತ್ರಿ.

ಮಧ್ಯಾಹ್ನ ಆಯಿಲ್ ಫಿಲ್ಟರ್ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹರಡಿದಾಗ ಕಂಚಿನ ಪುಡಿ ಮಿನುಗಿತು. ಇಂಜಿನ್ ಬಿಚ್ಚಿ ನೋಡಿದರೆ ಮೊದಲ ಮೂರು ರಾಡ್‌ಗಳ ಬುಷ್ ಅಲ್ಲಾಡಿರಲಿಲ್ಲ. ನಾಲ್ಕನೇ ರಾಡ್ ಎರಡು ತುಂಡಾಗಿತ್ತು. ಬುಷ್ ಅರ್ಧ ಹೊರಗಿತ್ತು.

ಮೂರು ದಿನದ ಮೇಲೆ ತನಿಖೆಗೆ ಬಂದ ಅಧಿಕಾರಿ ಸ್ಟೋರಮ್ಮನ ಪುಸ್ತಕ ತಿರುವಿ, ನಾಲ್ಕನೇ ಸಾಲಿನ ಮೇಲೆ ಪೆನ್ನಿಟ್ಟರು. "ಕೈಪಿಡಿ ಪ್ರಕಾರ ಕನಿಷ್ಠ ಆರುನೂರು ಕಿಲೋ. ನಿಮ್ಮದು ಅದರ ಮೇಲಿದೆ. ನಿಮ್ಮ ತಪ್ಪೇನೂ ಇಲ್ಲ."

"ಸಡಿಲ ಅಂತ ಕೈಗೆ ಗೊತ್ತಾಗಿತ್ತು ಸಾರ್."

"ಕೈಗೆ ಗೊತ್ತಾಗೋದಕ್ಕೆ ಇಲ್ಲಿ ಕಾಲಂ ಇಲ್ಲ ಮೇಸ್ತ್ರಿ" ಎಂದು ಅವರು ಸಹಿ ಮಾಡಿದರು. ದನಿಯಲ್ಲಿ ಗದರಿಕೆ ಇರಲಿಲ್ಲ.

ಆಮೇಲೆ ಸ್ಟೋರಮ್ಮ ಸ್ಕೇಲ್ ಇಟ್ಟು ಪುಸ್ತಕದಲ್ಲಿ ಒಂದು ಕಾಲಂ ಎಳೆದರು. ಮೇಲೆ 'ಕೈ' ಎಂದು ಬರೆದರು. ಮೇಸ್ತ್ರಿ ಈಗ ಅಂಕಿಯ ಜೊತೆ ಅದನ್ನೂ ಹೇಳುತ್ತಾರೆ: ಬಿಗಿ, ಅಥವಾ ಅನುಮಾನ. ಅನುಮಾನ ಎಂದರೆ ಬುಷ್ ಹೊರಗೆ, ಅಂಕಿ ಎಷ್ಟೇ ಇರಲಿ. ಆದರೂ ತಲೆಯ ಮೇಲೆ ಯಾವುದೇ ಇಂಜಿನ್ ಹಾದರೆ ಅವರ ಊಟದ ಕೈ ತಟ್ಟೆಯ ಮೇಲೆ ನಿಲ್ಲುತ್ತದೆ, ಸದ್ದು ದೂರವಾಗುವ ತನಕ. ಭಾವಮೈದುನ ಮಗ್ಗಿಯ ತಮಾಷೆ ಬಿಟ್ಟಿದ್ದಾನೆ. ಪ್ರೆಸ್ ಕೆಲಸವಿದ್ದ ದಿನ ಬಾಗಿಲಲ್ಲಿ ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಾನೆ.

ಆ ನಾಲ್ಕು ಬುಷ್ ಹಾಕಿದ ದಿನವೂ ಅವನು ಅದೇ ಬಾಗಿಲಲ್ಲಿ, ಟೀ ಲೋಟ ಹಿಡಿದು ನಿಂತಿದ್ದ. ಮೇಸ್ತ್ರಿ ಗೇಜಿನ ಮುಳ್ಳು ನೋಡಿದರು, ತಮ್ಮ ಕೈ ನೋಡಿಕೊಂಡರು, ಮತ್ತೆ ಮುಳ್ಳು ನೋಡಿದರು. ಸ್ಟೋರಮ್ಮನ ಪೆನ್ನು ಕಾಯುತ್ತಿತ್ತು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ನಾಲ್ಕನೇದು, ಆರುನೂರ ನಲವತ್ತು."