ಬಣ್ಣದಮ್ಮನ ಕಣ್ಣು

ಬೀದಿಯವರೆಲ್ಲ ಅವಳನ್ನು ಬಣ್ಣದಮ್ಮ ಅಂತಲೇ ಕರೆಯುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವುದು ಅವಳ ಕಸುಬು. ಮಾಸಿದ ಕೋಟು, ಬಿಳಿಚಿಕೊಂಡ ಪರದೆ, ಒಂದೇ ತೋಳು ಬಿಸಿಲಿಗೆ ಸುಟ್ಟ ಅಂಗಿ, ಏನೇ ತಂದುಕೊಡಿ, ಹೊಸದರಲ್ಲಿ ಹೇಗಿತ್ತೋ ಹಾಗೇ ಮಾಡಿ ಕೊಡುತ್ತಿದ್ದಳು. ಹಂಡೆಯಲ್ಲಿ ಪುಡಿ ಕದಡಿ, ಒಂದು ಚಿಂದಿ ಅದ್ದಿ, ಅದು ಪೂರ್ತಿ ಒಣಗುವ ತನಕ ಕಾದು, ಹೊಸ್ತಿಲಲ್ಲಿ ಬೆಳಕಿಗೆ ಹಿಡಿದು ನೋಡುವಳು. ಒದ್ದೆ ಬಣ್ಣವನ್ನು ನಂಬಬೇಡ ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅವಳ ಉಗುರುಗಳು ಮಾತ್ರ ನಲವತ್ತು ವರ್ಷದಿಂದ ಯಾವ ಬಣ್ಣ ಅಂತ ಯಾರಿಗೂ ಹೇಳಲಿಕ್ಕಾಗದ ಬಣ್ಣ.

ವಾದ್ಯದ ಮೇಳದ ಯಜಮಾನ ತನ್ನವರ ಹನ್ನೆರಡು ಕೆಂಪು ಕೋಟುಗಳನ್ನು ಪ್ರತಿ ವರ್ಷ ಅವಳ ಹತ್ತಿರವೇ ತರುತ್ತಿದ್ದ. ವಾಪಸು ಒಯ್ಯುವಾಗ ಒಂದು ದಿನವೂ ಗಂಟು ಬಿಚ್ಚಿ ನೋಡಿದವನಲ್ಲ. "ನೀನು ನೋಡಿದ ಮೇಲೆ ನಾನೇನು ನೋಡೋದು ಬಣ್ಣದಮ್ಮಾ?" ಅನ್ನುತ್ತಿದ್ದ. ಆ ಒಂದು ಮಾತನ್ನು ಅವಳು ವರ್ಷವಿಡೀ ಬಾಯಲ್ಲಿ ಸಕ್ಕರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿರುತ್ತಿದ್ದಳು.

ಬರಬರುತ್ತಾ ಹೊಸ ಬಟ್ಟೆಯೇ ಅಗ್ಗವಾಯಿತು. ಹಳೆಯದಕ್ಕೆ ಬಣ್ಣ ಹಾಕಿಸುವವರು ಕಮ್ಮಿಯಾದರು. ವಾರದಲ್ಲಿ ನಾಲ್ಕು ದಿನ ಹಂಡೆ ಬೋರಲು ಬಿದ್ದಿರುತ್ತಿತ್ತು. ಆಗ ಸೊಸೆ ಹೇಳಿದಳು, "ಜನ ಅಂಗಡಿಗೆ ಬರ್ತಿಲ್ಲ ಅಂದ್ರೆ ಅಂಗಡಿನೇ ಜನರ ಹತ್ರ ಹೋಗ್ಲಿ ಅತ್ತೆ." ಅಂಗಡಿಯ ನೀಲಿ ಬಾಗಿಲ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿದಳು. ಆ ನೀಲಿಯನ್ನು ಬಣ್ಣದಮ್ಮನೇ ಕೈಯಾರೆ ಬೆರೆಸಿ ಬಳಿದದ್ದು. ಪರವೂರಿನವರು ಬಟ್ಟೆಯನ್ನು ಅಂಚೆಯಲ್ಲಿ ಕಳಿಸುವುದು, ಬೇಕಾದ ಬಣ್ಣದ ಫೋಟೋವನ್ನು ಫೋನಿಗೆ ಕಳಿಸುವುದು, ಇದು ಏರ್ಪಾಡು.

ಸೊಸೆ ತನ್ನ ಹಳೇ ಫೋನನ್ನು ಅತ್ತೆಗೆ ಕೊಟ್ಟಳು. ಅದರ ಬೆಳಕು ಚುಚ್ಚಿ ಚುಚ್ಚಿ ಕಣ್ಣಲ್ಲಿ ನೀರು ಸುರಿಯಿತು. ಸೊಸೆ ಅಲ್ಲೇನೋ ಒತ್ತಿದಳು. ಬೆಳಕು ಮೆತ್ತಗಾಯಿತು.

"ಈಗ ತಂಪಾಯ್ತಾ?"

"ಬೆಣ್ಣೆ ಸವರಿದ ಹಾಗಿದೆ ಕಣೇ. ಹೀಗೇ ಇರ್ಲಿ."

ಹಾಗೇ ಇತ್ತು. ಬಣ್ಣದಮ್ಮ ಒಣಗಿದ ಚಿಂದಿಯನ್ನು ಫೋನಿನ ಪಕ್ಕ ಹಿಡಿದು, ಎರಡೂ ಒಂದಾಗುವ ತನಕ ಮತ್ತೆ ಮತ್ತೆ ಅದ್ದಿ ಬಣ್ಣ ಕೂಡಿಸುತ್ತಿದ್ದಳು. ಕಪ್ಪು, ಕಂದು ಬಟ್ಟೆಗಳು ಅಂಚೆಯಲ್ಲಿ ಹೋದವು, ಯಾರೂ ದೂರಲಿಲ್ಲ. ಆಮೇಲೆ ನೀಲಿಗಳು ಒಂದೊಂದಾಗಿ ವಾಪಸು ಬರತೊಡಗಿದವು. "ನೀಲಿ ಕೇಳಿದರೆ ಪಾಚಿ ಕಳಿಸಿದ್ದೀರಿ" ಅಂತ ಒಬ್ಬರು ಬರೆದಿದ್ದರು. ಓದಿ ಹೇಳುವಾಗ ಸೊಸೆಗೆ ಮೊದಲು ನಗು ಬಂತು. ನಾಲ್ಕನೆಯ ಗಂಟು ಬಂದಾಗ ನಗಲಿಲ್ಲ.

ಬಣ್ಣದಮ್ಮನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಕೈ ಹೋದರೆ ಇನ್ನೊಬ್ಬರ ಕೈಯಲ್ಲಿ ಮಾಡಿಸಬಹುದು, ಕಣ್ಣು ಹೋದರೆ ಅವಳಿಗೆ ಇನ್ನೇನಿದೆ? ಸೂಜಿ ತಗೊಂಡು ಹೊಸ್ತಿಲಲ್ಲಿ ಕೂತು ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ಆದರೂ ಬಟ್ಟೆ ವಾಪಸು ಬರುತ್ತಲೇ ಇತ್ತು. ಈ ಫೋನಿನದೇ ಏನಾದರೂ ಐಬೇ ಅಂತ ಒಮ್ಮೆ ನಾಲಿಗೆ ತುದಿಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ ಅಂತ ನುಂಗಿಕೊಂಡಳು. ಅತ್ತ ಅವಳ ತಟ್ಟೆಗೆ ದಿನಾ ಕ್ಯಾರೆಟ್ ಬೀಳತೊಡಗಿತು. ಯಾಕೆ ಅಂತ ಇವಳು ಕೇಳಲಿಲ್ಲ, ಸೊಸೆ ಹೇಳಲಿಲ್ಲ.

ಎದುರು ಸಾಲಿನಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದ ಬೀಗದವನಿಗೆ ಬಾಯಿ ಜಾಸ್ತಿ. ಒಂದು ದಿನ ಕರೆದ.

"ಏನಮ್ಮಾ, ಕಣ್ಣು ಮಂಜಾಗಿದೆಯಂತೆ? ನಮಗೊಂದು ಮಾತು ಹೇಳ್ಬಾರದಾ?"

"ಯಾವನೋ ಅಂದದ್ದು?"

"ಇಂಟರ್ನೆಟ್ಟಲ್ಲಿ ನಿನ್ನ ಅಂಗಡಿನೇ ಅಂತಿದೆ, ನೋಡು." ತನ್ನ ಫೋನ್ ಹಿಡಿದು ಗಟ್ಟಿಯಾಗಿ ಓದಿದ: "ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ, ದೃಷ್ಟಿ ಮಂದವಾಗಿದೆ. ಬಣ್ಣದಲ್ಲಿ ಹೆಚ್ಚುಕಮ್ಮಿಯಾದರೆ ದಯವಿಟ್ಟು ಕ್ಷಮಿಸಿ."

ಅವನ ಮುಖ ನೋಡಲಾರದೆ ಫೋನನ್ನೇ ನೋಡಿದಳು. ಆ ಬರಹದ ಮೇಲೆ ಬಾಗಿಲ ಫೋಟೋ ಇತ್ತು. ತಾನು ಬೆರೆಸಿದ ನೀಲಿ, ಅಚ್ಚು ಹೊಡೆದ ಹಾಗೆ. ಸೊಂಟದ ಚೀಲದಿಂದ ತನ್ನ ಫೋನ್ ತೆಗೆದಳು. "ಇದೇ ಚಿತ್ರ ಇದರಲ್ಲೂ ತೋರಿಸೋ."

ಎರಡನ್ನೂ ಪಕ್ಕಪಕ್ಕ ಇಟ್ಟಳು. ಅವನದರಲ್ಲಿ ನೀಲಿ. ಇವಳದರಲ್ಲಿ ಅದೇ ಬಾಗಿಲು ಮಳೆಗಾಲವೆಲ್ಲ ನೆನೆದು ಪಾಚಿ ಕಟ್ಟಿದ ಹಾಗೆ. ತಲೆಯೆತ್ತಿ ಬೀದಿಯಾಚೆಯ ನಿಜವಾದ ಬಾಗಿಲನ್ನು ನೋಡಿದಳು. ಅದು ನೀಲಿಯೇ ಇತ್ತು.

"ನನ್ನದರಲ್ಲಿ ಯಾಕೋ ಹೀಗೆ?"

"ಇದಾ? ಕಣ್ಣಿಗೆ ತಂಪಿರಲಿ ಅಂತ ಬೆಳಕನ್ನ ಹಳದಿ ಮಾಡಿರ್ತಾರೆ, ವಯಸ್ಸಾದೋರಿಗೆ." ಅವನು ಬೆರಳು ಆಡಿಸಿದ. ಎರಡು ಬಾಗಿಲೂ ಒಂದೇ ಆದವು.

ಮನೆಗೆ ಬಂದು ಫೋನನ್ನು ಸೊಸೆಯ ಮುಂದಿಟ್ಟು ಎಲ್ಲ ಹೇಳಿದಳು. ಸೊಸೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಅದನ್ನ ನಾನೇ ಅಲ್ವಾ ಹಾಕಿಕೊಟ್ಟದ್ದು!"

"ನೀನು ಹಾಕಿದೆ, ನಾನು ಬೆಣ್ಣೆ ಅಂದೆ. ಅದಕ್ಕಲ್ಲ ನನ್ನ ಸಂಕಟ. ಕಂಡು ಕೇಳದ ಊರಿಗೆಲ್ಲ ಹೇಳೋ ಮುಂಚೆ ನನಗೊಂದು ಮಾತು ಹೇಳ್ಬಾರದಿತ್ತಾ?"

"ನಿಮ್ಮ ಮುಖ ನೋಡ್ಕೊಂಡು ಹೇಗೆ ಹೇಳ್ಲಿ ಅತ್ತೆ? ಬಾಯೇ ಬರಲಿಲ್ಲ." ಅಳುತ್ತಳುತ್ತಲೇ ಆ ಸಾಲು ಅಳಿಸಿದಳು. ಕೆಟ್ಟ ಬಟ್ಟೆಗಳನ್ನೆಲ್ಲ ಇಬ್ಬರೂ ಸೇರಿ ಮತ್ತೆ ಹಂಡೆಗೆ ಹಾಕಿದರು.

ಮುಂದಿನ ವಾರ ವಾದ್ಯದ ಯಜಮಾನ ಬಂದ. ಗಂಟನ್ನು ಸೊಸೆಯ ಮುಂದೆ ಇಳಿಸಿದ. "ಈ ಸಲ ನೀನೇ ಒಂಚೂರು ನಿಂತು ನೋಡ್ಕೋಮ್ಮಾ."

"ಅವರ ಕಣ್ಣಿಗೆ ಏನೂ ಆಗಿಲ್ಲ. ತಪ್ಪು ಆ ಫೋನಿಂದು. ನನ್ನದು."

"ಸರಿ ಸರಿ, ಇರ್ಲಿ ಬಿಡು," ಅಂದ ಅವನು, ಅತ್ತೆಯ ಮಾನ ಮುಚ್ಚುವ ಒಳ್ಳೆ ಸೊಸೆ ಅನ್ನುವ ಹಾಗೆ. ಬಣ್ಣದಮ್ಮ ಹಂಡೆಯಲ್ಲಿ ಕೆಂಪು ಕದಡಿದಳು. ಚಿಂದಿ ಅದ್ದಿದಳು, ಒಣಗಿಸಿದಳು, ಕೋಟಿನ ಕಾಲರಿನ ಒಳಮಡಿಕೆಯಲ್ಲಿ ಉಳಿದಿದ್ದ ಹಳೇ ಕೆಂಪಿನ ಪಕ್ಕ ಹಿಡಿದು ನೋಡಿದಳು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಚಿಂದಿ, ಕೋಟು ಎರಡನ್ನೂ ಅವನ ಕೈಗೆ ಕೊಟ್ಟಳು.

ಅವನು ಚಿಂದಿಯನ್ನು ನೋಡಿದ. ಕಾಲರನ್ನು ನೋಡಿದ. ಆಮೇಲೆ ಎರಡನ್ನೂ ಹಿಡಿದುಕೊಂಡು ಬೀದಿ ದಾಟಿ ಎದುರಿನ ಅಂಗಡಿಗೆ ಹೋದ.

"ನೋಡಯ್ಯಾ, ಎರಡೂ ಒಂದೇನಾ?"

ಬೀಗದವನು ಕೈ ಒರೆಸಿಕೊಂಡು ಚಿಂದಿಯನ್ನು ಬೆಳಕಿಗೆ ಹಿಡಿದ. ಬಣ್ಣದಮ್ಮ ಹೊಸ್ತಿಲಲ್ಲಿ ನಿಂತು, ಅವನು ಏನನ್ನುತ್ತಾನೋ ಅಂತ ಕಾದಳು.